ಷಾರ್ಲಟ್ ನೇಯ್ದ ಬಲೆ: ಕಥೆ ಕೇಳೋಣ, ಜೇಡ ನೋಡೋಣ



ಈ ಬಾರಿಯ ಚಟುವಟಿಕೆಗಳಿಗೆ ಪ್ರನಾಳ ಬೇಡ, ಸ್ಪಿರಿಟ್ ದೀಪ ಬೇಡ. ಒಂದು ಕಥೆ ಬೇಕು, ಒಂದು ಜೇಡ ಬೇಕು. ಜೇಡ ನಿಮ್ಮ ಶಾಲೆಯಲ್ಲಿ ಈಗಾಗಲೇ ಇದೆ. ತರಗತಿಯ ಮೇಲ್ಮೂಲೆಯಲ್ಲಿ, ಬಿಸಿಯೂಟದ ಕೋಣೆಯ ಕಿಟಕಿಯಲ್ಲಿ, ಕಾಂಪೌಂಡಿನ ಬೇಲಿಯಲ್ಲಿ ಹುಡುಕಿದರೆ ಸಾಕು. ಕಥೆಯನ್ನು ನಾವು ಇಲ್ಲಿ ಹೇಳುತ್ತೇವೆ. 5, 6 ಮತ್ತು 7ನೇ ತರಗತಿಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮಳೆಗಾಲದ ನಡುವಿನಿಂದ ಚಳಿ ಶುರುವಾಗುವವರೆಗಿನ ತಿಂಗಳುಗಳು ಇದಕ್ಕೆ ಒಳ್ಳೆಯ ಕಾಲ. ಆಗ ಗಿಡಗಂಟಿಗಳ ನಡುವೆ ದೊಡ್ಡ ದೊಡ್ಡ ಬಲೆಗಳು ಕಾಣಸಿಗುತ್ತವೆ.

ಕಥೆಯ ಹೆಸರು 'ಷಾರ್ಲಟ್ಸ್ ವೆಬ್', ಅಂದರೆ ಷಾರ್ಲಟ್‌ಳ ಬಲೆ. ಬರೆದವರು ಅಮೆರಿಕದ ಇ. ಬಿ. ವೈಟ್. ಮಕ್ಕಳಿಗಾಗಿ ಬರೆದ ಈ ಕಾದಂಬರಿ 1952ರಲ್ಲಿ ಪ್ರಕಟವಾಯಿತು. ಒಟ್ಟು 22 ಅಧ್ಯಾಯಗಳಿವೆ. ಪುಸ್ತಕ ಕೈಗೆ ಸಿಕ್ಕರೆ ಸರಿ, ಸಿಗದಿದ್ದರೂ ಚಿಂತೆಯಿಲ್ಲ. ದಿನಕ್ಕಿಷ್ಟು ಎಂದು ಕೊನೆಯ ಪೀರಿಯಡ್ಡಿನಲ್ಲಿ ಬಾಯಲ್ಲೇ ಹೇಳಬಹುದು.

ಕಥೆ ಇಷ್ಟು. ಒಬ್ಬ ರೈತನ ಮನೆಯಲ್ಲಿ ಹಂದಿ ಮರಿ ಹಾಕುತ್ತದೆ. ಮರಿಗಳಲ್ಲಿ ಒಂದು ತೀರಾ ಪೀಚಲು. ಅದು ಬದುಕಿ ಬಾಳುವುದಿಲ್ಲವೆಂದು ರೈತ ಕೊಡಲಿ ಹಿಡಿದು ಹೊರಡುತ್ತಾನೆ. ಎಂಟು ವರ್ಷದ ಮಗಳು ಫರ್ನ್ ಅಪ್ಪನ ಕೈಹಿಡಿದು ತಡೆಯುತ್ತಾಳೆ. ಬಾಟಲಿ ಹಾಲು ಕುಡಿಸಿ ಸಾಕುತ್ತಾಳೆ, ವಿಲ್ಬರ್ ಎಂದು ಹೆಸರಿಡುತ್ತಾಳೆ. ಮರಿ ಬಲಿತ ಮೇಲೆ ಅದನ್ನು ಮಾವನ ಕೊಟ್ಟಿಗೆಗೆ ಮಾರುತ್ತಾರೆ. ಚಳಿಗಾಲ ಬಂದಾಗ ನಿನ್ನನ್ನು ಕಡಿಯುತ್ತಾರೆ ಎಂದು ಅಲ್ಲಿನ ಮುದಿ ಕುರಿ ವಿಲ್ಬರ್‌ಗೆ ಹೇಳಿಬಿಡುತ್ತದೆ. ವಿಲ್ಬರ್ ಅಳುತ್ತಾ ಕೂತಾಗ ಬಾಗಿಲ ಮೇಲಿನಿಂದ ಒಂದು ದನಿ ಕೇಳುತ್ತದೆ. ಅದು ಷಾರ್ಲಟ್ ಎಂಬ ಜೇಡ. ನಿನ್ನನ್ನು ನಾನು ಉಳಿಸುತ್ತೇನೆ ಎಂದು ಅವಳು ಮಾತು ಕೊಡುತ್ತಾಳೆ. ಒಂದು ಬೆಳಿಗ್ಗೆ ಮಂಜು ಕುಳಿತ ಬಲೆಯ ನಡುವೆ ಅಕ್ಷರಗಳು ಕಾಣುತ್ತವೆ. ಹಂದಿಯನ್ನು ಹೊಗಳುವ ಮಾತು! ಊರೆಲ್ಲ ಓಡಿ ಬರುತ್ತದೆ. ಹೀಗೆ ನಾಲ್ಕು ಸಲ ಷಾರ್ಲಟ್ ಬರೆಯುತ್ತಾಳೆ. ಕೊನೆಗೆ ಜಾತ್ರೆಯಂಥ ಒಂದು ದೊಡ್ಡ ಪ್ರದರ್ಶನದಲ್ಲಿ ವಿಲ್ಬರ್‌ಗೆ ವಿಶೇಷ ಬಹುಮಾನ ಬಂದು ಅವನ ಜೀವ ಉಳಿಯುತ್ತದೆ. ಆದರೆ ಅಷ್ಟು ಹೊತ್ತಿಗೆ ಷಾರ್ಲಟ್ ಮೊಟ್ಟೆಯಿಟ್ಟು ಸುಸ್ತಾಗಿರುತ್ತಾಳೆ. ಪ್ರದರ್ಶನದ ಮೈದಾನದಲ್ಲೇ, ಒಬ್ಬಳೇ ಸಾಯುತ್ತಾಳೆ. ಅವಳ ಮೊಟ್ಟೆಚೀಲವನ್ನು ವಿಲ್ಬರ್ ಬಾಯಲ್ಲಿಟ್ಟುಕೊಂಡು ಜೋಪಾನವಾಗಿ ಕೊಟ್ಟಿಗೆಗೆ ತರುತ್ತಾನೆ.

ಕಥೆಯ ನಡುವೆ ಒಬ್ಬ ವೈದ್ಯರು ಬರುತ್ತಾರೆ. ಬಲೆಯಲ್ಲಿ ಅಕ್ಷರ ಮೂಡಿದ್ದು ಪವಾಡ ಎಂದು ಎಲ್ಲರೂ ಬೆರಗಾದಾಗ, ಅವರಿಗೆ ಬಲೆಯೇ ದೊಡ್ಡ ಪವಾಡವಾಗಿ ಕಾಣುತ್ತದೆ. ಯಾರೂ ಕಲಿಸದೆ ಜೇಡ ಅದನ್ನು ನೇಯುತ್ತದಲ್ಲ, ಅದನ್ನು ಕಂಡು ಯಾಕೆ ಯಾರೂ ಬೆರಗಾಗಲಿಲ್ಲ ಎಂಬುದು ಅವರ ಪ್ರಶ್ನೆ. ಮುಂದಿನ ಚಟುವಟಿಕೆಗಳೆಲ್ಲ ಈ ಪ್ರಶ್ನೆಯ ಬೆನ್ನು ಹಿಡಿದೇ ಹೊರಟಿವೆ. ಮಾತನಾಡುವುದು, ಬರೆಯುವುದು ಇವೆರಡನ್ನು ಬಿಟ್ಟರೆ ಷಾರ್ಲಟ್ ಬಹುಮಟ್ಟಿಗೆ ನಿಜವಾದ ಜೇಡ. ಎಷ್ಟು ಮಟ್ಟಿಗೆ ನಿಜ ಎಂದು ಮಕ್ಕಳೇ ತಮ್ಮ ಶಾಲೆಯ ಜೇಡವನ್ನು ನೋಡಿ ಹೇಳಬೇಕು.

ಶುರು ಮಾಡುವ ಮುನ್ನ ಎರಡು ಮಾತು

ಹಂದಿ ಎಂದೊಡನೆ ನಮ್ಮ ತರಗತಿಗಳಲ್ಲಿ ನಗು ಏಳುತ್ತದೆ. ಅದು ಬೈಗುಳದ ಮಾತೂ ಹೌದು. ಆದರೆ ಹಂದಿ ಸಾಕುವ ಮನೆಯ ಮಗು ನಿಮ್ಮ ತರಗತಿಯಲ್ಲೇ ಕುಳಿತಿರಬಹುದು. ಕೊಡಗಿನ ಕಡೆ ಹಂದಿ ಮಾಂಸ ಹಬ್ಬದ ಅಡುಗೆ, ಇನ್ನು ಕೆಲವು ಮನೆಗಳಲ್ಲಿ ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ಮೊದಲ ದಿನವೇ ಹಂದಿ ಸಾಕಿದ ಮನೆಯ ಮಗುವನ್ನು ತಿಳಿದವರೆಂದು ಮುಂದೆ ಕರೆಯಿರಿ. ಒಂದು ಸೂಲಿಗೆ ಎಷ್ಟು ಮರಿ? ಎಲ್ಲಕ್ಕೂ ಹಾಲು ಸಾಕಾಗುತ್ತದೆಯೇ? ಪೀಚಲು ಮರಿಯನ್ನು ಏನು ಮಾಡುತ್ತಾರೆ? ಹಂದಿಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತಮ್ಮ ತಮ್ಮ ಮೊಲೆಯನ್ನು ಗೊತ್ತುಮಾಡಿಕೊಳ್ಳುತ್ತವೆ, ಗಟ್ಟಿ ಮರಿಗೆ ಒಳ್ಳೆಯ ಜಾಗ ಸಿಗುತ್ತದೆ. ಇದನ್ನು ಕಣ್ಣಾರೆ ಕಂಡ ಮಗು ಹೇಳಿದರೆ ನಗು ತಾನಾಗಿ ನಿಲ್ಲುತ್ತದೆ. ನಾಯಿ, ಮೇಕೆ ಸಾಕಿದವರೂ ತಮ್ಮ ಅನುಭವ ಸೇರಿಸಲಿ.

ಎರಡನೆಯದು ಹೆದರಿಕೆಯ ಮಾತು. ಮೈಮೇಲೆ ಗುಳ್ಳೆ ಎದ್ದರೆ 'ಜೇಡ ಹರಿದಿದೆ', 'ಜೇಡ ಉಚ್ಚೆ ಹೊಯ್ದಿದೆ' ಎನ್ನುವುದು ವಾಡಿಕೆ. ಇಂಥ ಗುಳ್ಳೆಗಳಿಗೆ ಸಾಮಾನ್ಯವಾಗಿ ಕಾರಣ ಬೇರೆಯೇ ಇರುತ್ತದೆ. ಅದು ಸರ್ಪಸುತ್ತಿನಂಥ ವೈರಸ್ ಕಾಯಿಲೆ ಇರಬಹುದು, ಮೈಮೇಲೆ ಜಜ್ಜಿಹೋದ ಸಣ್ಣ ಜೀರುಂಡೆಯ ರಸವೂ ಇರಬಹುದು. ಬಹುತೇಕ ಎಲ್ಲ ಜೇಡಗಳಿಗೂ ವಿಷವಿದೆ, ಆದರೆ ಹೆಚ್ಚಿನವುಗಳಲ್ಲಿ ಅದು ನೊಣವನ್ನು ಮಲಗಿಸುವಷ್ಟು ಮಾತ್ರ. ಹಾಗಿದ್ದರೂ ಜೇಡವನ್ನು ಕೈಯಲ್ಲಿ ಹಿಡಿಯುವುದು ಬೇಡ. ಬಿಲ, ಪೊಟರೆಗಳಿಗೆ ಕೈ ಹಾಕುವುದಂತೂ ಬೇಡವೇ ಬೇಡ. ಬೇಲಿಯ ಹತ್ತಿರ ಹೋಗುವಾಗ ನೀವು ಮುಂದಿರಿ, ಹಾವುಗಳೂ ಅಲ್ಲೇ ಇರುತ್ತವೆ.

ಪೊರಕೆಗೆ ರಜೆ

ಶಾಲೆಯ ಒಂದು ಮೂಲೆಯನ್ನು ಮೂರು ವಾರ ಗುಡಿಸದೆ ಬಿಡಿ. ಇದು ಸುಲಭವೆಂದು ತೋರಿದರೂ ಸುಲಭವಲ್ಲ. ಅಧಿಕಾರಿಗಳು ಬಂದಾಗ ಮೊದಲು ಕಣ್ಣಿಗೆ ಬೀಳುವುದೇ ಜೇಡರ ಬಲೆ. ಹಾಗಾಗಿ ಮುಖ್ಯ ಶಿಕ್ಷಕರಿಗೂ ಅಡುಗೆಯವರಿಗೂ ಮೊದಲೇ ತಿಳಿಸಿ. ಮೂಲೆಯ ಕೆಳಗೆ 'ಇದು 6ನೇ ತರಗತಿಯ ವೀಕ್ಷಣಾಲಯ' ಎಂದು ಮಕ್ಕಳಿಂದ ಬರೆಸಿ ಅಂಟಿಸಿ. ಅಡುಗೆ ಕೋಣೆಯ ಒಳಗಿನ ಬಲೆಗಳನ್ನು ಮಾತ್ರ ಎಂದಿನಂತೆ ತೆಗೆಯಲಿ.

ಮೊದಲ ಕೆಲಸ ಎಣಿಕೆ. ಮಕ್ಕಳು ಗುಂಪುಗಳಾಗಿ ಶಾಲೆಯನ್ನು ಸುತ್ತಿ, ಎಲ್ಲಿ ಎಂಥ ಬಲೆ ಎಂದು ಬರೆದುಕೊಂಡು ಬರಲಿ. ಎಲ್ಲ ಬಲೆಯೂ ಚಕ್ರದಂತಿಲ್ಲ ಎಂಬುದು ಆಗ ತಿಳಿಯುತ್ತದೆ. ಮೂಲೆಯಲ್ಲಿ ಉದ್ದನೆಯ ಕಡ್ಡಿಕಾಲುಗಳ ಜೇಡ ಅಡ್ಡಾದಿಡ್ಡಿ ಎಳೆಗಳ ನಡುವೆ ತಲೆಕೆಳಗಾಗಿ ನೇತಾಡುತ್ತದೆ. ಅದರ ಬಾಯಲ್ಲಿ ಪುಟ್ಟ ಮೊಟ್ಟೆಗಳ ಗೊಂಚಲು ಇದ್ದರೂ ಇರಬಹುದು, ಹ್ಯಾಂಡ್‌ಲೆನ್ಸ್ ಕೊಟ್ಟು ನೋಡಿಸಿ. ಗೋಡೆಯ ಮೇಲೆ ಓಡಾಡುವ ಅಗಲವಾದ ಕಂದು ಜೇಡಕ್ಕೆ ಬಲೆಯೇ ಇಲ್ಲ. ಅದು ಬಿಳಿ ಬಿಲ್ಲೆಯಂಥ ಮೊಟ್ಟೆಚೀಲವನ್ನು ಹೊಟ್ಟೆಯ ಕೆಳಗೆ ಅವಚಿಕೊಂಡು ತಿರುಗುವುದನ್ನು ಹಳ್ಳಿಯ ಮಕ್ಕಳೆಲ್ಲ ನೋಡಿರುತ್ತಾರೆ. ನಮಗೆ ಬೇಕಾದ ಚಕ್ರದಾಕಾರದ ಬಲೆ ಸಾಮಾನ್ಯವಾಗಿ ಹೊರಗೆ, ಬೇಲಿ ಅಥವಾ ಹೂಗಿಡಗಳ ನಡುವೆ ಸಿಗುತ್ತದೆ.

ಕಾಲು ಎಷ್ಟು ಎಂದು ಕೇಳಿದರೆ ಎಂಟು ಎಂದು ಎಲ್ಲರೂ ಹೇಳುತ್ತಾರೆ. ಒಂದು ಕಾಲಿಗೆ ಎಷ್ಟು ತುಂಡು? ಷಾರ್ಲಟ್ ತನ್ನ ಕಾಲಿನ ಏಳು ಭಾಗಗಳ ಹೆಸರನ್ನು ವಿಲ್ಬರ್‌ಗೆ ಪಟಪಟನೆ ಹೇಳುತ್ತಾಳೆ. ಏಳು ಎಂಬುದು ಸರಿಯಾದ ಲೆಕ್ಕ. ಸತ್ತು ಒಣಗಿದ ಜೇಡ ಅಥವಾ ಅದು ಕಳಚಿದ ಪೊರೆ ಸಿಕ್ಕರೆ ಬಿಳಿ ಹಾಳೆಯ ಮೇಲಿಟ್ಟು ಎಣಿಸಲಿ. ಮೈಗೆ ಅಂಟಿದ ಮೊದಲ ಎರಡು ತುಂಡುಗಳು ತೀರಾ ಚಿಕ್ಕವು, ಹೆಚ್ಚಿನ ಮಕ್ಕಳು ಐದಕ್ಕೇ ನಿಲ್ಲಿಸುತ್ತಾರೆ. ನೀವು ಉತ್ತರ ಹೇಳಬೇಡಿ. ಮರುದಿನ ಇನ್ನೊಮ್ಮೆ ಎಣಿಸಿಸಿ.

ಬಲೆಗೆ ಸೀಮೆಸುಣ್ಣ

ಬೇಕಾಗುವ ವಸ್ತುಗಳು: ಕರಿ ಸ್ಲೇಟು, ಡಸ್ಟರ್, ಒಣ ಹುಲ್ಲುಕಡ್ಡಿ, ದಾರ.

ಬೆಳಗಿನ ಇಬ್ಬನಿ ಇದ್ದರೆ ಬಲೆ ತಾನಾಗಿ ಕಾಣುತ್ತದೆ. ಇಲ್ಲದಿದ್ದರೆ ಡಸ್ಟರನ್ನು ಬಲೆಯಿಂದ ಒಂದು ಗೇಣು ದೂರದಲ್ಲಿ ಮೆಲ್ಲಗೆ ತಟ್ಟಿ. ಸುಣ್ಣದ ಪುಡಿ ಎಳೆಗಳ ಮೇಲೆ ಕೂರುತ್ತದೆ. ಹಿಂದೆ ಸ್ಲೇಟು ಹಿಡಿದರೆ ಪ್ರತಿ ಎಳೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಪುಡಿ ಬಿದ್ದ ಬಲೆಯ ಅಂಟು ಹೋಗುವುದರಿಂದ ಜೇಡ ಹೊಸದು ಕಟ್ಟಬೇಕಾಗುತ್ತದೆ. ಆದ್ದರಿಂದ ಇಡೀ ತರಗತಿಗೆ ಒಂದೇ ಬಲೆ ಸಾಕು, ಅದೂ ಸಂಜೆ ಹೊತ್ತಿನಲ್ಲಿ. ಹಳೆಯ ಬಲೆಯನ್ನು ಜೇಡ ಸಾಮಾನ್ಯವಾಗಿ ತಾನೇ ತಿಂದುಬಿಡುತ್ತದೆ. ಎಳೆ ಎಂದರೆ ಪ್ರೋಟೀನು, ಅದನ್ನು ಹಾಳು ಮಾಡುವ ಮಾತೇ ಇಲ್ಲ!

ಈಗ ಮಕ್ಕಳು ಎರಡು ಬಗೆಯ ಎಳೆ ಗುರುತಿಸಲಿ. ನಡುವಿನಿಂದ ಸೈಕಲ್ ಚಕ್ರದ ಕಡ್ಡಿಗಳಂತೆ ಹೊರಟವು ಒಂದು ಬಗೆ, ಇವನ್ನು ಕಡ್ಡಿ ಎಳೆ ಎನ್ನೋಣ. ಸುತ್ತುತ್ತಾ ಹೋದದ್ದು ಸುತ್ತೆಳೆ. ಪುಡಿ ಹಾಕದ ಇನ್ನೊಂದು ಬಲೆಯಲ್ಲಿ ಹುಲ್ಲುಕಡ್ಡಿಯ ತುದಿಯಿಂದ ಒಂದೊಂದನ್ನೂ ಮುಟ್ಟಿ ನೋಡಿ. ಸುತ್ತೆಳೆ ಕಡ್ಡಿಗೆ ಅಂಟಿ ರಬ್ಬರಿನಂತೆ ಹಿಗ್ಗುತ್ತದೆ. ಕಡ್ಡಿ ಎಳೆ ಅಂಟುವುದಿಲ್ಲ. ಜೇಡ ತನ್ನ ಬಲೆಗೆ ತಾನೇ ಸಿಕ್ಕಿಬೀಳದಿರಲು ಇದೂ ಒಂದು ಕಾರಣ. ಜೇಡದ ಹೊಟ್ಟೆಯಲ್ಲಿ ಬೇರೆ ಬೇರೆ ನೂಲಿಗೆ ಬೇರೆ ಬೇರೆ ಗ್ರಂಥಿಗಳಿವೆ. ಚೌಕಟ್ಟಿಗೊಂದು, ಅಂಟಿಗೊಂದು, ಬೇಟೆಯನ್ನು ಸುತ್ತಲು ಒಂದು, ಮೊಟ್ಟೆಗೆ ಹೊದಿಸಲು ಇನ್ನೊಂದು. ಹಳೆಯ ಕನ್ನಡದಲ್ಲಿ ಜೇಡ ಎಂದರೆ ನೇಕಾರ. ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವ ಜೇಡ ಇದೇ ಅರ್ಥದ್ದು. ಮಗ್ಗವಿರುವ ಊರಾದರೆ ಒಬ್ಬ ನೇಕಾರರನ್ನು ಶಾಲೆಗೆ ಕರೆದು, ಹಾಸಿನ ನೂಲಿಗೂ ಹೊಕ್ಕಿನ ನೂಲಿಗೂ ಏನು ವ್ಯತ್ಯಾಸ ಎಂದು ಮಕ್ಕಳು ಕೇಳಲಿ.

ದಾರದಿಂದ ಒಂದು ಅಳತೆ ಮಾಡಿ. ಬಲೆಯ ನಡುವಿನಿಂದ ಮೇಲಂಚಿಗೆ ಎಷ್ಟು, ಕೆಳಂಚಿಗೆ ಎಷ್ಟು? ನೆಟ್ಟಗೆ ನಿಂತ ಬಲೆಗಳಲ್ಲಿ ಸಾಮಾನ್ಯವಾಗಿ ಕೆಳಭಾಗವೇ ದೊಡ್ಡದು. ಜೇಡ ತಲೆಕೆಳಗಾಗಿ ಕೂರುತ್ತದೆ. ಷಾರ್ಲಟ್ ಕೂಡ ಹಾಗೆಯೇ ಕೂರುತ್ತಾಳೆ. ಕೆಳಕ್ಕೆ ಓಡುವುದು ಮೇಲಕ್ಕೆ ಏರುವುದಕ್ಕಿಂತ ಸುಲಭ, ಆದ್ದರಿಂದ ಕೆಳಗಿನ ಬೇಟೆ ಬೇಗ ಕೈಗೆ ಸಿಗುತ್ತದೆ. ಹಾಗಾದರೆ ಮೇಲೆ ಕೆಳಗೆ ಎಂಬುದೇ ಇಲ್ಲದ ಕಡೆ ಜೇಡ ಏನು ಮಾಡೀತು? ಈ ಪ್ರಶ್ನೆ ಕೇಳಿದ್ದು ಅಮೆರಿಕದ ಒಬ್ಬ ಶಾಲಾ ವಿದ್ಯಾರ್ಥಿನಿ, ಜೂಡಿತ್ ಮೈಲ್ಸ್. ಅವಳ ಪ್ರಶ್ನೆಗೆ ಉತ್ತರ ಹುಡುಕಲು 1973ರಲ್ಲಿ ಅನಿತಾ, ಅರಬೆಲ್ಲಾ ಎಂಬ ಎರಡು ಜೇಡಗಳನ್ನು ಸ್ಕೈಲ್ಯಾಬ್ ಎಂಬ ಅಂತರಿಕ್ಷ ನಿಲ್ದಾಣಕ್ಕೆ ಕಳಿಸಿದರು. ಮೊದಮೊದಲು ಬಲೆ ಗೋಜಲಾಯಿತು, ಕೆಲವೇ ದಿನಗಳಲ್ಲಿ ಚೆನ್ನಾಗಿಯೇ ನೇಯ್ದವು. ಮುಂದೆ ಬೇರೆ ನಿಲ್ದಾಣದಲ್ಲಿ ನಡೆದ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ತೂಕವಿಲ್ಲದ ಕಡೆ ಜೇಡಗಳು ದೀಪದ ಬೆಳಕನ್ನೇ 'ಮೇಲೆ' ಎಂದು ಬಳಸಿಕೊಳ್ಳುತ್ತವೆ ಎಂದು ಅದರಿಂದ ತಿಳಿಯಿತು.

ಕಣ್ಣು ಮುಚ್ಚಿದ ಷಾರ್ಲಟ್

ತನಗೆ ದೂರದ್ದು ಚೆನ್ನಾಗಿ ಕಾಣುವುದಿಲ್ಲ ಎಂದು ಷಾರ್ಲಟ್ ಹೇಳಿಕೊಳ್ಳುತ್ತಾಳೆ. ಇದೂ ನಿಜ. ಬಲೆ ನೇಯುವ ಜೇಡಗಳಿಗೆ ಸಾಮಾನ್ಯವಾಗಿ ಎಂಟು ಕಣ್ಣುಗಳಿದ್ದರೂ ನೋಟ ಮಂದ. ಹಾಗಾದರೆ ನೊಣ ಎಲ್ಲಿ ಬಿತ್ತೆಂದು ಹೇಗೆ ಗೊತ್ತಾಗುತ್ತದೆ?

ಅಂಗಳದಲ್ಲಿ ಎಂಟು ಮಕ್ಕಳು ದುಂಡಗೆ ನಿಲ್ಲಲಿ. ಪ್ರತಿಯೊಬ್ಬರೂ ಸುತಳಿ ದಾರದ ಒಂದು ತುದಿ ಹಿಡಿದಿರಲಿ. ಎಂಟೂ ದಾರಗಳ ಇನ್ನೊಂದು ತುದಿಯನ್ನು ನಡುವೆ ಒಂದು ಬಳೆಗೆ ಕಟ್ಟಿ ಎಲ್ಲರೂ ಬಿಗಿಯಾಗಿ ಎಳೆದಿರಲಿ. ಕಣ್ಣಿಗೆ ಬಟ್ಟೆ ಕಟ್ಟಿದ ಒಂದು ಮಗು ಬಳೆಯ ಹತ್ತಿರ ಕೂತು ದಾರಗಳ ಮೇಲೆ ಬೆರಳುಗಳನ್ನು ಹಗುರಾಗಿ ಇಡಲಿ. ಸುತ್ತಲಿನವರಲ್ಲಿ ಒಬ್ಬರು ದಾರವನ್ನು ಒಮ್ಮೆ ಮೀಟಬೇಕು. ಯಾವ ದಿಕ್ಕು? ಹತ್ತು ಸಲ ಆಡಿಸಿ, ಎಷ್ಟು ಸರಿ ಎಂದು ಬರೆದುಕೊಳ್ಳಿ. ಆಮೇಲೆ ದಾರಗಳನ್ನು ಸಡಿಲ ಬಿಟ್ಟು ಮತ್ತೆ ಹತ್ತು ಸಲ ಆಡಿಸಿ. ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದರೆ, ಜೇಡ ಎಳೆಗಳನ್ನು ಯಾಕೆ ಬಿಗಿಯಾಗಿ ಕಟ್ಟುತ್ತದೆ ಎಂದು ಯಾರೂ ವಿವರಿಸಬೇಕಾಗಿಲ್ಲ.

ನಿಮ್ಮ ವಿಜ್ಞಾನ ಕಿಟ್ಟಿನಲ್ಲಿ ಶ್ರುತಿಕವೆ ಇದ್ದರೆ ಅದಕ್ಕೆ ಈಗ ಕೆಲಸವಿದೆ. ಚಪ್ಪಲಿಯ ಹಿಮ್ಮಡಿಗೆ ಬಡಿದು, ಕಂಪಿಸುತ್ತಿರುವ ಕವೆಯನ್ನು ಬಲೆಯ ಅಂಚಿಗೆ ಮೆಲ್ಲಗೆ ತಾಗಿಸಿ. ಜೇಡ ನೊಣವೆಂದು ತಿಳಿದು ಓಡಿಬರಬಹುದು. ಇಂಗ್ಲೆಂಡಿನ ಭೌತವಿಜ್ಞಾನಿ ಸಿ. ವಿ. ಬಾಯ್ಸ್ ತೋಟದ ಜೇಡದ ಮೇಲೆ ಇದನ್ನೇ ಮಾಡಿ 1880ರಲ್ಲಿ 'ನೇಚರ್' ಪತ್ರಿಕೆಗೆ ಬರೆದರು. ನಿಮ್ಮ ಜೇಡ ಓಡಿಬರದೆ ಇಡೀ ಬಲೆಯನ್ನೇ ತೂಗಾಡಿಸಿದರೂ, ದಾರ ಬಿಟ್ಟು ಕೆಳಕ್ಕೆ ಇಳಿದರೂ ಅದೂ ಒಂದು ಉತ್ತರವೇ. ಹಾಗೆಯೇ ಬರೆದುಕೊಳ್ಳಲಿ.

ಕಥೆ ತಪ್ಪಿದ ಜಾಗ

ನೊಣಗಳ ರಕ್ತ ಕುಡಿಯುತ್ತೇನೆ ಎಂದು ಷಾರ್ಲಟ್ ಹೇಳಿದಾಗ ವಿಲ್ಬರ್‌ಗೆ ಅಸಹ್ಯವಾಗುತ್ತದೆ. ಇಲ್ಲಿ ಮಾತ್ರ ಲೇಖಕರು ಕೊಂಚ ಸಡಿಲ ಬಿಟ್ಟಿದ್ದಾರೆ. ಜೇಡ ಬೇಟೆಯ ಮೈಗೆ ಜೀರ್ಣರಸ ಬಿಟ್ಟು, ಒಳಗಿನ ಮಾಂಸವನ್ನೇ ಕರಗಿಸಿ ಹೀರುತ್ತದೆ. ಅದರ ಊಟ ಅರ್ಧಕ್ಕರ್ಧ ಹೊರಗೇ ಜೀರ್ಣವಾಗಿರುತ್ತದೆ. ಬಲೆಯ ಕೆಳಗೆ ಬಿದ್ದ ನೊಣದ ಚಿಪ್ಪುಗಳನ್ನು ಹೆಕ್ಕಿ ಲೆನ್ಸಿನಲ್ಲಿ ನೋಡಿಸಿ. ಒಳಗೆ ಬರಿದು. ಒಂದು ವಾರ ಪ್ರತಿದಿನ ಬಲೆಯ ಕೆಳಗೆ ಬಿಳಿ ಕಾಗದ ಹಾಸಿ, ಏನೇನು ಬಿತ್ತು ಎಂದು ಪಟ್ಟಿ ಮಾಡಿದರೆ ಜೇಡದ ಊಟದ ಲೆಕ್ಕ ಸಿಗುತ್ತದೆ. ಸೊಳ್ಳೆಗಳೆಷ್ಟು ಎಂದು ಮಕ್ಕಳು ತಾವಾಗಿಯೇ ಎಣಿಸುತ್ತಾರೆ.

ಜೇಡ ಕನ್ನಡ ಬರೆದೀತೇ?

ಈ ಚಟುವಟಿಕೆ ಎಲ್ಲಕ್ಕಿಂತ ಹೆಚ್ಚು ಗದ್ದಲದ್ದು, ಒಂದೂವರೆ ಪೀರಿಯಡ್ ಬೇಕು.

ಎರಡು ಕಂಬಗಳ ನಡುವೆ, ಅಥವಾ ಕಾಲು ಮೇಲೆ ಮಾಡಿ ನಿಲ್ಲಿಸಿದ ಬೆಂಚಿನ ಕಾಲುಗಳ ನಡುವೆ, ಸುತಳಿಯಿಂದ ಒಂದು ಬಲೆ ಕಟ್ಟಲು ಹೇಳಿ. ಮೊದಲ ಎಳೆ ಆಚೆ ಕಂಬಕ್ಕೆ ಹೋಗುವುದು ಹೇಗೆ? ಮಕ್ಕಳು ನಡೆದು ಹೋಗಿ ಕಟ್ಟುತ್ತಾರೆ. ಜೇಡ ಎಳೆಯನ್ನು ಗಾಳಿಗೆ ಬಿಟ್ಟು, ಅದು ಆಚೆ ಎಲ್ಲಾದರೂ ಅಂಟುವವರೆಗೆ ಕಾಯುತ್ತದೆ. ಕಥೆಯಲ್ಲಿ ವಿಲ್ಬರ್ ಬಾಲಕ್ಕೆ ದಾರ ಕಟ್ಟಿಕೊಂಡು ಮೇಲಿನಿಂದ ಜಿಗಿದು ಬಲೆ ನೇಯಲು ಹೊರಟು ದೊಪ್ಪನೆ ಬೀಳುತ್ತಾನೆ. ಈ ಭಾಗವನ್ನು ಈಗ ಹೇಳಿದರೆ ನಗು ಗ್ಯಾರಂಟಿ.

ಬಲೆ ಮುಗಿದ ಮೇಲೆ ಅದರ ನಡುವೆ ದಾರದಿಂದ ಒಂದು ಪದ ಬರೆಯಬೇಕು. ಗುಂಪೇ ಪದ ಆರಿಸಲಿ. ಷಾರ್ಲಟ್‌ಗೆ ಪದ ಹುಡುಕಿಕೊಡುತ್ತಿದ್ದದ್ದು ಟೆಂಪಲ್ಟನ್ ಎಂಬ ಇಲಿ. ಅದು ಕಸದಿಂದ ಕಾಗದದ ಚೂರುಗಳನ್ನು ತರುತ್ತಿತ್ತು. ನಿಮ್ಮ ಮಕ್ಕಳೂ ಹಳೆಯ ಪತ್ರಿಕೆ, ಸೋಪಿನ ಪೊಟ್ಟಣಗಳಿಂದ ಪದ ಹೆಕ್ಕಲಿ. ಒಂದೇ ನಿಯಮ: ಉಳಿಸಬೇಕಾದ ಯಾವುದಾದರೂ ಒಂದರ ಬಗ್ಗೆ ಆ ಪದ ಇರಬೇಕು, ಮತ್ತು ಅದು ನಿಜವಾಗಿರಬೇಕು. ಕಡಿಯಲು ಗುರುತು ಹಾಕಿದ ಶಾಲೆಯ ಬೇವಿನ ಮರವಿರಬಹುದು, ಮುಚ್ಚಿಹೋಗುತ್ತಿರುವ ಬಾವಿಯಿರಬಹುದು. ಸುಳ್ಳು ಹೊಗಳಿಕೆ ಬೇಡ.

ಬರೆಯತೊಡಗಿದ ಹತ್ತು ನಿಮಿಷಕ್ಕೇ ಜಗಳ ಶುರುವಾಗುತ್ತದೆ. 'ರ' ದುಂಡಗೆ ಬರುವುದಿಲ್ಲ, 'ದ' ಚಪ್ಪಟೆಯಾಗುತ್ತದೆ. ಆಗ ಕೇಳಿ: ಯಾಕೆ? ಬಿಗಿದ ದಾರ ಎರಡು ಗಂಟುಗಳ ನಡುವೆ ನೇರವಾಗಿಯೇ ಇರುತ್ತದೆ, ಬಾಗುವುದಿಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನೇರ ಗೆರೆ ಹೆಚ್ಚು, ಷಾರ್ಲಟ್‌ಗೆ ಕೆಲಸ ಸ್ವಲ್ಪ ಹಗುರ. ನಮ್ಮ ಲಿಪಿ ದುಂಡು. ದುಂಡು ಬೇಕಾದರೆ ಹೆಚ್ಚು ಹೆಚ್ಚು ಕಡೆ ಗಂಟು ಹಾಕಿ, ಚಿಕ್ಕ ಚಿಕ್ಕ ನೇರ ತುಂಡುಗಳನ್ನು ಜೋಡಿಸಬೇಕು. ಉತ್ತರ ಕರ್ನಾಟಕದ ಮಕ್ಕಳಿಗೆ ಮನೆಯ ಕಸೂತಿ ನೆನಪಾಗುತ್ತದೆ. ಅಲ್ಲಿ ಗೋಪುರ, ನವಿಲು, ಆನೆ ಎಲ್ಲವೂ ನೇರ ಹೊಲಿಗೆಗಳಿಂದಲೇ ಆಗುತ್ತವೆ. ಈಗ ಮಕ್ಕಳನ್ನು ಮತ್ತೆ ನಿಜವಾದ ಬಲೆಯ ಹತ್ತಿರ ಕರೆದೊಯ್ಯಿರಿ. ಇಷ್ಟು ದಿನ ದುಂಡಗೆ ಕಂಡಿದ್ದ ಸುತ್ತೆಳೆಯಲ್ಲಿ ಒಂದಾದರೂ ಬಾಗಿದ ತುಂಡು ಇದೆಯೇ? ಒಂದು ಕಡ್ಡಿ ಎಳೆಯಿಂದ ಇನ್ನೊಂದಕ್ಕೆ ಎಲ್ಲ ನೇರವೇ. ಕಡ್ಡಿ ಎಳೆಗಳು ಹೆಚ್ಚಿದಷ್ಟೂ ಬಲೆ ದುಂಡಗೆ ತೋರುತ್ತದೆ. 7ನೇ ತರಗತಿಯವರಿಗೆ ಬಹುಭುಜಾಕೃತಿಯಿಂದ ವೃತ್ತಕ್ಕೆ ಹೋಗುವ ಪಾಠವನ್ನು ಇಲ್ಲಿಂದಲೇ ಶುರುಮಾಡಬಹುದು.

ಹಾಗಾದರೆ ಜೇಡ ಬರೆಯುವುದೇ ಇಲ್ಲವೇ? ಪದ ಬರೆಯುವುದಿಲ್ಲ. ಆದರೆ ನಮ್ಮ ಬೇಲಿಗಳಲ್ಲಿ ಒಂದು ಜೇಡವಿದೆ. ಹಳದಿ, ಕಂದು, ಬಿಳಿ ಪಟ್ಟೆಗಳ ಹೊಟ್ಟೆ, ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಗುಣಾಕಾರ ಚಿಹ್ನೆಯಂತೆ ಚಾಚಿ ಹಗಲು ಹೊತ್ತಿನಲ್ಲೇ ಬಲೆಯ ನಡುವೆ ಕೂತಿರುತ್ತದೆ. ಕಾಲುಗಳ ನೇರಕ್ಕೆ ಬಲೆಯ ಮೇಲೆ ದಪ್ಪ ಬಿಳಿ ನೂಲಿನಿಂದ ಅಂಕುಡೊಂಕಾಗಿ ಗೀಚಿರುತ್ತದೆ. ಇದು ಆರ್ಜಿಯೋಪಿ ಎಂಬ ಕುಲದ್ದು. ಈ ಗೀಚಿನಿಂದಾಗಿಯೇ ಇಂಗ್ಲಿಷಿನಲ್ಲಿ ಸಿಗ್ನೇಚರ್ ಸ್ಪೈಡರ್ ಎನ್ನುತ್ತಾರೆ, ನಾವು ಸಹಿ ಜೇಡ ಎನ್ನೋಣ. ಈ ಸಹಿ ಯಾಕೆ? ಕೀಟಗಳನ್ನು ಸೆಳೆಯಲು ಎಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಹಕ್ಕಿಗಳು ಬಲೆಗೆ ನುಗ್ಗದಂತೆ ಎಚ್ಚರಿಸಲು ಎಂದು ಇನ್ನು ಕೆಲವರು, ಶತ್ರುಗಳ ಕಣ್ಣು ತಪ್ಪಿಸಲು ಎಂದು ಮತ್ತೆ ಕೆಲವರು. ಚರ್ಚೆ ಮುಗಿದಿಲ್ಲ ಎಂದೇ ಮಕ್ಕಳಿಗೆ ಹೇಳಿ. ಒಂದೇ ಜೇಡದ ಸಹಿಯನ್ನು ಹತ್ತು ದಿನ ಚಿತ್ರ ಬರೆಸಿ. ಕೆಲವು ದಿನ ನಾಲ್ಕು ಕೈ, ಕೆಲವು ದಿನ ಎರಡು, ಕೆಲವೊಮ್ಮೆ ಏನೂ ಇಲ್ಲದಿರಬಹುದು.

ಷಾರ್ಲಟ್ ಸಾಯುವ ದಿನ

ಕಥೆಯ ಈ ಭಾಗವನ್ನು ಶನಿವಾರಕ್ಕೆ ಇಟ್ಟುಕೊಳ್ಳಬೇಡಿ. ಮಕ್ಕಳು ಅದನ್ನು ಹೊತ್ತು ಭಾನುವಾರ ಕಳೆಯುವುದು ಬೇಡ. ವಾರದ ನಡುವೆ, ಬೆಳಗಿನ ಹೊತ್ತು ಹೇಳಿ.

ಕೊನೆಯನ್ನು ಬದಲಿಸಿ ಷಾರ್ಲಟ್‌ಳನ್ನು ಬದುಕಿಸಬೇಕು ಎಂದು ನಿಮಗೆ ಅನಿಸಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಲೇಖಕರು ಇದನ್ನು ಮಕ್ಕಳನ್ನು ಅಳಿಸಲೆಂದು ಬರೆದದ್ದಲ್ಲ. ವೈಟ್ ಮೇಯ್ನ್ ರಾಜ್ಯದಲ್ಲಿ ಹೊಲಮನೆ ಮಾಡಿಕೊಂಡಿದ್ದವರು. ತಾವು ಸಾಕಿದ್ದ ಹಂದಿಯೊಂದು ಕಾಯಿಲೆ ಬಿದ್ದಾಗ ಅದನ್ನು ಉಳಿಸಲು ಹೆಣಗಿ, ಉಳಿಸಲಾಗದೆ, ಆ ಬಗ್ಗೆ 1948ರಲ್ಲಿ ಒಂದು ಪ್ರಬಂಧ ಬರೆದರು. ಈ ಕಾದಂಬರಿಗಾಗಿ ಜೇಡಗಳ ಬಗ್ಗೆ ಬಹಳ ಓದಿದರು. ಕೊಟ್ಟಿಗೆಯಲ್ಲಿ ಒಂದು ಜೇಡ ಮೊಟ್ಟೆಚೀಲ ಕಟ್ಟಿದ್ದನ್ನು ಕಂಡು, ನ್ಯೂಯಾರ್ಕಿಗೆ ಹೋಗುವಾಗ ಆ ಚೀಲವನ್ನು ಮಿಠಾಯಿ ಪೆಟ್ಟಿಗೆಯಲ್ಲಿಟ್ಟು ಒಯ್ದರು. ಅಲ್ಲಿ ಪೆಟ್ಟಿಗೆಯ ತೂತುಗಳಿಂದ ಮರಿಗಳು ಹೊರಬಂದು ಮೇಜಿನ ಮೇಲೆಲ್ಲ ಎಳೆ ಹಾಯಿಸಿದವು. ಷಾರ್ಲಟ್‌ಳ ಪೂರ್ಣ ಹೆಸರು ಷಾರ್ಲಟ್ ಎ. ಕ್ಯಾವಟಿಕಾ. ಅಮೆರಿಕದ ಕೊಟ್ಟಿಗೆ ಜೇಡದ ವೈಜ್ಞಾನಿಕ ಹೆಸರು ಅರೇನಿಯಸ್ ಕ್ಯಾವಟಿಕಸ್. ಆ ಜೇಡದ ಹೆಣ್ಣು ಮೊಟ್ಟೆಯಿಟ್ಟ ಮೇಲೆ ಚಳಿಗಾಲ ದಾಟುವುದಿಲ್ಲ. ಲೇಖಕರು ಅದನ್ನು ಇದ್ದಂತೆಯೇ ಬರೆದರು.

ತರಗತಿಯಲ್ಲಿ ಅಪ್ಪನನ್ನೋ ಅಮ್ಮನನ್ನೋ ಅಜ್ಜಿಯನ್ನೋ ಕಳೆದುಕೊಂಡ ಮಗು ಇರಬಹುದು. ಯಾರನ್ನೂ ಹೆಸರು ಹಿಡಿದು ಕೇಳಬೇಡಿ. ಕಥೆ ಮುಗಿದ ಕೂಡಲೇ ಪ್ರಶ್ನೋತ್ತರ ಶುರುಮಾಡಬೇಡಿ. ಐದು ನಿಮಿಷ ಸುಮ್ಮನಿರಿ, ಚಿತ್ರ ಬರೆಯಲು ಹಾಳೆ ಕೊಡಿ. ಮಾತನಾಡಬೇಕೆಂದಿರುವ ಮಗು ತಾನೇ ನಿಮ್ಮ ಮೇಜಿನ ಹತ್ತಿರ ಬರುತ್ತದೆ. 'ಅವಳು ನಿದ್ದೆ ಮಾಡುತ್ತಿದ್ದಾಳೆ', 'ದೂರ ಹೋಗಿದ್ದಾಳೆ' ಎಂದು ಮರೆಮಾಚುವುದಕ್ಕಿಂತ ಸತ್ತಳು ಎಂದು ಹೇಳುವುದೇ ವಾಸಿ.

ಎಲ್ಲ ಜೇಡಗಳೂ ಮೊಟ್ಟೆಯಿಟ್ಟು ಸಾಯುತ್ತವೆ ಎಂದು ಮಾತ್ರ ಮಕ್ಕಳು ತಿಳಿಯಬಾರದು. ಹೊಲದಲ್ಲಿ ಓಡಾಡುವ ತೋಳ ಜೇಡದ ತಾಯಿ ಮೊಟ್ಟೆಚೀಲವನ್ನು ಹಿಂದೆ ಕಟ್ಟಿಕೊಂಡು ತಿರುಗುತ್ತದೆ, ಮರಿಗಳನ್ನು ಬೆನ್ನ ಮೇಲೆ ಹೊರುತ್ತದೆ. ನೆಲದ ಬಿಲಗಳಲ್ಲಿರುವ ದೊಡ್ಡ ರೋಮದ ಜೇಡಗಳ ಹೆಣ್ಣು ಹಲವು ವರ್ಷ ಬದುಕುತ್ತದೆ.

ಮರುದಿನ ಲೆಕ್ಕಕ್ಕೆ ಕೂರಿ. ಷಾರ್ಲಟ್ ಇಟ್ಟ ಮೊಟ್ಟೆ 514. ಎಲ್ಲವೂ ಬದುಕಿ, ಅರ್ಧ ಹೆಣ್ಣಾಗಿ, ಪ್ರತಿ ಹೆಣ್ಣೂ 514 ಮೊಟ್ಟೆಯಿಟ್ಟರೆ ಮುಂದಿನ ವರ್ಷ ಎಷ್ಟು? 257ನ್ನು 514ರಿಂದ ಗುಣಿಸಿದರೆ 1,32,098. ಅದರ ಮುಂದಿನ ವರ್ಷ 3,39,49,186. ಮೂರು ಕೋಟಿ ದಾಟಿತು! ಹಾಗಿದ್ದರೆ ಊರೆಲ್ಲ ಬಲೆ ಯಾಕೆ ಮುಚ್ಚಿಕೊಂಡಿಲ್ಲ? ಮಕ್ಕಳು ಹಕ್ಕಿ, ಹಲ್ಲಿ, ಕಣಜ, ಮಳೆ, ಹಸಿವು ಎಂದು ಒಂದೊಂದಾಗಿ ಹೇಳುತ್ತಾರೆ. ಜೇಡಗಳ ಸಂಖ್ಯೆ ಹೆಚ್ಚೂ ಆಗದೆ ಕಡಿಮೆಯೂ ಆಗದೆ ನಿಲ್ಲಬೇಕಾದರೆ 514ರಲ್ಲಿ ಎಷ್ಟು ಉಳಿಯಬೇಕು? ಒಂದು ತಾಯಿ, ಒಂದು ತಂದೆ, ಅವರ ಜಾಗಕ್ಕೆ ಎರಡು. ಉಳಿದ 512 ಮೊಟ್ಟೆಯಿಡುವ ವಯಸ್ಸಿಗೆ ಮುಟ್ಟುವುದಿಲ್ಲ. ಈ ಉತ್ತರ ಕರಿಹಲಗೆಯ ಮೇಲೆ ಬಂದಾಗ ತರಗತಿ ಸ್ವಲ್ಪ ಹೊತ್ತು ಸದ್ದಿಲ್ಲದೆ ಕೂರುತ್ತದೆ.

ಹಾರುವ ಮರಿಗಳು

ಮೊಟ್ಟೆಚೀಲ ಕಂಡರೆ ಅದು ಇದ್ದಲ್ಲೇ ಇರಲಿ, ದಿನಾಂಕ ಬರೆದು ಕಾಯಿರಿ. ಬೇಲಿ ಕಡಿಯುವ ಅಥವಾ ಸುಣ್ಣ ಬಳಿಯುವ ಸಂದರ್ಭವಿದ್ದರೆ ಮಾತ್ರ ಅದನ್ನು ಗಾಜಿನ ಬಾಟಲಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ ನೆರಳಿನಲ್ಲಿಡಿ. ಕಥೆ ನಡೆಯುವ ಸೀಮೆಯಲ್ಲಿ ಹಿಮ ಬೀಳುತ್ತದೆ, ಮೊಟ್ಟೆಚೀಲ ವಸಂತದವರೆಗೆ ಕಾಯುತ್ತದೆ. ನಮ್ಮಲ್ಲಿ ಅಷ್ಟು ತಿಂಗಳು ಕಾಯಬೇಕಾಗಿಲ್ಲ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಎಷ್ಟು ದಿನ ಎಂಬುದನ್ನು ನಿಮ್ಮ ಮಕ್ಕಳೇ ಬರೆದಿಡಲಿ.

ಮರಿಗಳು ಹೊರಬಂದ ಮೇಲೆ, ಬಿಸಿಲಿರುವ, ಗಾಳಿ ಜೋರಿಲ್ಲದ ಒಂದು ಬೆಳಿಗ್ಗೆ ಬಾಟಲಿಯನ್ನು ಧ್ವಜಕಟ್ಟೆಯ ಮೇಲಿಟ್ಟು ಬಟ್ಟೆ ಬಿಚ್ಚಿ. ಪಕ್ಕದಲ್ಲಿ ಒಂದು ಉದ್ದ ಕಡ್ಡಿ ನಿಲ್ಲಿಸಿ. ಮರಿಗಳು ಕಡ್ಡಿಯ ತುದಿ ಏರಿ, ಹೊಟ್ಟೆಯನ್ನು ಮೇಲೆತ್ತಿ, ಕಾಣದಷ್ಟು ಸಣ್ಣ ಎಳೆ ಬಿಟ್ಟು ಹಾರಿಹೋಗಬಹುದು. ಹೀಗೆ ಅವು ಬಹುದೂರ ಹೋಗಬಲ್ಲವು. 1832ರಲ್ಲಿ ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನಲ್ಲಿದ್ದಾಗ, ದಕ್ಷಿಣ ಅಮೆರಿಕದ ತೀರದಿಂದ ಸುಮಾರು 60 ಮೈಲಿ ದೂರದ ಕಡಲಿನಲ್ಲಿ, ಸಾವಿರಾರು ಪುಟ್ಟ ಜೇಡಗಳು ಹಡಗಿನ ಹಗ್ಗಗಳ ಮೇಲೆ ಬಂದಿಳಿದಿದ್ದವು. ಗಾಳಿಯೊಂದೇ ಇದಕ್ಕೆ ಕಾರಣವೆಂದು ಬಹುಕಾಲ ಅಂದುಕೊಂಡಿದ್ದರು. ವಾತಾವರಣದಲ್ಲಿರುವ ವಿದ್ಯುತ್ ಕ್ಷೇತ್ರವನ್ನೂ ಜೇಡಗಳು ಗುರುತಿಸುತ್ತವೆ, ಗಾಳಿಯಿಲ್ಲದ ಪೆಟ್ಟಿಗೆಯೊಳಗೂ ಅದರ ಬಲದಿಂದ ಮೇಲೇಳಬಲ್ಲವು ಎಂದು ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ತೋರಿಸಿದರು.

ಕಥೆಯಲ್ಲಿ 514 ಮರಿಗಳಲ್ಲಿ ಮೂರು ಮಾತ್ರ ಹಾರಿಹೋಗದೆ ವಿಲ್ಬರ್‌ನ ಬಾಗಿಲಲ್ಲೇ ಬಲೆ ಕಟ್ಟುತ್ತವೆ. ಸಂಜೆ ಶಾಲೆ ಬಿಡುವ ಮುನ್ನ ಧ್ವಜಕಟ್ಟೆಯ ಸುತ್ತ ಒಮ್ಮೆ ಹುಡುಕಿಸಿ. ಎಷ್ಟು ಉಳಿದವು, ಯಾವ ಗಿಡದ ಮೇಲೆ, ಮೊದಲ ಬಲೆ ಎಷ್ಟು ದೊಡ್ಡದು ಎಂದು ತರಗತಿಯ ಪುಸ್ತಕದಲ್ಲಿ ಬರೆಸಿ, ಆ ಪುಸ್ತಕವನ್ನು ಮುಂದಿನ ವರ್ಷದ 6ನೇ ತರಗತಿಗಾಗಿ ಬೀರುವಿನಲ್ಲಿಡಿ.